ಚೇಳಿನ ಕೊಂಡಿಯಲ್ಲಿ ಕೇಡಿಲ್ಲ

ವೃಶ್ಚಿಕದ ಬಗ್ಗೆ ಬಂದ ಪತ್ರಗಳಲ್ಲಿ ಆರನ್ನು ಆಯ್ದು ಇಲ್ಲಿ ಉತ್ತರಿಸಿದ್ದೇನೆ. ಕೊನೆಯ ಪತ್ರವನ್ನು ಮದುವೆ ವಯಸ್ಸಿನ ಮಕ್ಕಳಿರುವ ಪ್ರತಿಯೊಬ್ಬರೂ ಓದಬೇಕೆಂದು ನನ್ನ ಕೋರಿಕೆ.

ಪ್ರಶ್ನೆ: ರಾತ್ರಿ ದಕ್ಷಿಣ ದಿಕ್ಕಿನಲ್ಲಿ ಕೆಂಪು ಚುಕ್ಕಿಯೊಂದು ಕಾಣುತ್ತದೆ. ಅದು ಮಂಗಳ ಗ್ರಹ ಅಂತ ಅಪ್ಪ, ಜ್ಯೇಷ್ಠಾ ನಕ್ಷತ್ರ ಅಂತ ನಮ್ಮ ವಿಜ್ಞಾನದ ಮೇಷ್ಟ್ರು. ಯಾರು ಹೇಳಿದ್ದು ಸರಿ?
— ಎಂಟನೇ ತರಗತಿಯ ವಿದ್ಯಾರ್ಥಿನಿ, ಶಿರಸಿ

ಉತ್ತರ: ಇದನ್ನು ನಿನ್ನ ಕಣ್ಣೇ ತೀರ್ಮಾನಿಸಬಲ್ಲದು. ಆ ಚುಕ್ಕಿಯ ಎರಡೂ ಬದಿಗೆ ಒಂದೊಂದು ಮಂಕಾದ ನಕ್ಷತ್ರ ಇದೆಯೇ ನೋಡು. ಇದ್ದರೆ ಮೇಷ್ಟ್ರು ಹೇಳಿದ್ದು ಸರಿ. ಆ ಮೂರೂ ಸೇರಿ ಜ್ಯೇಷ್ಠಾ. ನಡುವಿನ ಕೆಂಪು ನಕ್ಷತ್ರವೇ ಅಂಟಾರೆಸ್. ಇನ್ನೊಂದು ಪರೀಕ್ಷೆಯೂ ಇದೆ. ಒಂದೆರಡು ವಾರ ಬಿಟ್ಟು ನೋಡಿದರೆ ಮಂಗಳ ನಕ್ಷತ್ರಗಳ ನಡುವೆ ಜಾಗ ಬದಲಿಸಿರುತ್ತದೆ, ಜ್ಯೇಷ್ಠಾ ಬದಲಿಸಿರುವುದಿಲ್ಲ. ಅಪ್ಪನ ಊಹೆಯೂ ಸುಮ್ಮನೆ ಹುಟ್ಟಿದ್ದಲ್ಲ. ಸುಮಾರು ಎರಡು ವರ್ಷಕ್ಕೊಮ್ಮೆ ಮಂಗಳ ಈ ಕೆಂಪು ನಕ್ಷತ್ರದ ಹತ್ತಿರದಲ್ಲೇ ಹಾದುಹೋಗುತ್ತದೆ. ಗ್ರೀಕರಂತೂ ಇದನ್ನು ಮಂಗಳನ ಪ್ರತಿಸ್ಪರ್ಧಿ ಎಂದೇ ಕರೆದರು.

ಜ್ಯೇಷ್ಠಾ ಸಿಕ್ಕರೆ ಇಡೀ ಚೇಳು ಸಿಕ್ಕಂತೆ. ಅದರ ಪಶ್ಚಿಮಕ್ಕೆ ಬಾಗಿದ ಸಾಲಿನಲ್ಲಿ ಮೂರು ನಕ್ಷತ್ರಗಳಿವೆ. ಅವು ಅನೂರಾಧಾ, ಚೇಳಿನ ತಲೆ. ಜ್ಯೇಷ್ಠಾದಿಂದ ಕೆಳಗಿಳಿದ ಸಾಲು ಪೂರ್ವಕ್ಕೆ ತಿರುಗಿ, ಮತ್ತೆ ಮೇಲಕ್ಕೆ ಸುರುಳಿ ಸುತ್ತಿ, ಒತ್ತೊತ್ತಾಗಿರುವ ಎರಡು ನಕ್ಷತ್ರಗಳಲ್ಲಿ ಮುಗಿಯುತ್ತದೆ. ಅದು ಮೂಲಾ, ಚೇಳಿನ ಕೊಂಡಿ. ಕೊಂಡಿಯ ಪೂರ್ವಕ್ಕೆ ಮಸುಕಾಗಿ ಕಾಣುವ ನಕ್ಷತ್ರಗುಚ್ಛವನ್ನು ಟಾಲೆಮಿ ಎರಡನೇ ಶತಮಾನದಲ್ಲೇ ದಾಖಲಿಸಿದ್ದ. ಜುಲೈ ಮಧ್ಯದಲ್ಲಿ ರಾತ್ರಿ ಒಂಬತ್ತರ ಹೊತ್ತಿಗೆ ಜ್ಯೇಷ್ಠಾ ನೇರ ದಕ್ಷಿಣದಲ್ಲಿರುತ್ತದೆ, ಆದರೆ ನಿಮ್ಮೂರಲ್ಲಿ ಆಗ ಮಳೆಗಾಲ. ಮಾರ್ಚ್ ಮಧ್ಯದಲ್ಲಿ ಬೆಳಗಿನ ಐದಕ್ಕೆ ಎದ್ದರೆ ಅದೇ ಜಾಗದಲ್ಲಿ, ಶುಭ್ರ ಆಕಾಶದಲ್ಲಿ ಕಾಣುತ್ತದೆ. ಅಪ್ಪನನ್ನೂ ಎಬ್ಬಿಸಿ ಕರೆದುಕೊಂಡು ಹೋಗು.

ಪ್ರಶ್ನೆ: ವಿಶಾಖ ಮಳೆ, ಅನುರಾಧ ಮಳೆ ಅಂತ ಲೆಕ್ಕ ಹಿಡಿದೇ ನಾವು ಹಿಂಗಾರಿ ಬೇಸಾಯ ಮಾಡುತ್ತೇವೆ. ಆದರೆ ಅನುರಾಧ ಮಳೆ ನಡೆಯುವಾಗ ಆ ನಕ್ಷತ್ರ ಎಷ್ಟು ಹುಡುಕಿದರೂ ಕಾಣುವುದಿಲ್ಲವಲ್ಲ?
— ರೈತ, ಹಾವೇರಿ ಜಿಲ್ಲೆ

ಉತ್ತರ: ಕಾಣದಿರುವುದೇ ಆ ಲೆಕ್ಕದ ಬುನಾದಿ. ಸೂರ್ಯ ಯಾವ ನಕ್ಷತ್ರದಲ್ಲಿ ಇದ್ದಾನೋ ಆ ನಕ್ಷತ್ರದ ಹೆಸರು ಮಳೆಗೆ. ನವೆಂಬರ್ 19-20ರಿಂದ ಡಿಸೆಂಬರ್ ಮೊದಲ ವಾರದವರೆಗೆ ಸೂರ್ಯ ಅನೂರಾಧಾದಲ್ಲಿ ಇರುವುದರಿಂದ ಆ ನಕ್ಷತ್ರಗಳು ಹಗಲಿನಲ್ಲಿ ಹುಟ್ಟಿ ಹಗಲಿನಲ್ಲೇ ಮುಳುಗುತ್ತವೆ.

ಮಾಸಗಳ ಹೆಸರು ಇದಕ್ಕೆ ತಿರುಗುಮುರುಗು. ಅಲ್ಲಿ ನೋಡುವುದು ಹುಣ್ಣಿಮೆಯ ಚಂದ್ರನನ್ನು. ಜ್ಯೇಷ್ಠ ಮಾಸದ ಹುಣ್ಣಿಮೆ ಎಂದರೆ ನಿಮ್ಮ ಕಾರಹುಣ್ಣಿಮೆ. ಎತ್ತುಗಳ ಮೈ ತೊಳೆದು, ಕೋಡಿಗೆ ಬಣ್ಣ ಹಚ್ಚಿ, ಕರಿ ಹರಿದ ಆ ದಿನ ರಾತ್ರಿ ತಲೆ ಎತ್ತಿ ನೋಡಿ. ಚಂದ್ರ ಜ್ಯೇಷ್ಠಾದಲ್ಲೋ ಅದರ ಪಕ್ಕದ ನಕ್ಷತ್ರದಲ್ಲೋ ಇರುತ್ತಾನೆ, ಕೆಂಪು ಚುಕ್ಕಿ ಬೆಳದಿಂಗಳಲ್ಲೂ ಕಾಣುತ್ತದೆ. ಆಗ ಸೂರ್ಯ ಆಕಾಶದ ಎದುರು ಬದಿಯಲ್ಲಿ, ರೋಹಿಣಿ–ಮೃಗಶಿರಾ ಮಳೆಯ ಮನೆಯಲ್ಲಿ. ನಮ್ಮ ಹಳ್ಳಿಗಳ ಈ ಲೆಕ್ಕದಲ್ಲಿ ನಿಜವಾದ ಖಗೋಳ ಜ್ಞಾನವಿದೆ. ಮಕ್ಕಳಿಗೆ ಮಳೆಯ ಹೆಸರು ಕಲಿಸುವಾಗ ನಕ್ಷತ್ರವನ್ನೂ ಬೆರಳು ಮಾಡಿ ತೋರಿಸಿ.

ಪ್ರಶ್ನೆ: ತಾರಾಪುಂಜಗಳು ಬರೀ ನಮ್ಮ ಕಲ್ಪನೆಯ ಗೆರೆಗಳು, ಆ ನಕ್ಷತ್ರಗಳಿಗೆ ಪರಸ್ಪರ ನಂಟಿಲ್ಲ ಎಂದು ಮಕ್ಕಳಿಗೆ ಪಾಠ ಮಾಡುತ್ತಿದ್ದೆ. ವೃಶ್ಚಿಕಕ್ಕೂ ಈ ಮಾತು ಅನ್ವಯಿಸುತ್ತದೆಯೇ?
— ನಿವೃತ್ತ ಶಿಕ್ಷಕರು, ತುಮಕೂರು

ಉತ್ತರ: ಸಾಮಾನ್ಯವಾಗಿ ನೀವು ಹೇಳಿದ್ದು ಸರಿ, ವೃಶ್ಚಿಕ ಮಾತ್ರ ದೊಡ್ಡ ಅಪವಾದ. ಅನೂರಾಧಾದ ಮೂರು ನಕ್ಷತ್ರಗಳು, ಜ್ಯೇಷ್ಠಾದ ಮೂರು ನಕ್ಷತ್ರಗಳು ಒಂದೇ ಅನಿಲಮೋಡದಲ್ಲಿ ಹುಟ್ಟಿದ ಒಡಹುಟ್ಟುಗಳು. ವೃಶ್ಚಿಕ–ಕಿನ್ನರ ಕೂಟ ಎಂಬ ಈ ಬಳಗ ನಮಗೆ ಅತಿ ಸಮೀಪದ ಭಾರಿ ನಕ್ಷತ್ರಗಳ ಸಂಸಾರ.

ಅಂಟಾರೆಸ್ ಈ ಬಳಗದ ಕೆಂಪು ಮಹಾದೈತ್ಯ. ದ್ರವ್ಯರಾಶಿ ಸೂರ್ಯನ ಹತ್ತು ಪಟ್ಟಿಗಿಂತ ಹೆಚ್ಚು, ಅಗಲ ಸುಮಾರು 700 ಪಟ್ಟು. ಅದನ್ನು ಸೂರ್ಯನ ಜಾಗದಲ್ಲಿ ಇಟ್ಟರೆ ಬುಧ, ಶುಕ್ರ, ಭೂಮಿ, ಮಂಗಳ ನಾಲ್ಕನ್ನೂ ನುಂಗಿ ಆಚೆಗೂ ಚಾಚುತ್ತದೆ. ದೂರ ಸುಮಾರು 550 ಜ್ಯೋತಿರ್ವರ್ಷ. ಇಂದು ನಮ್ಮ ಕಣ್ಣಿಗೆ ಬೀಳುವ ಬೆಳಕು ಅಲ್ಲಿಂದ ಹೊರಟದ್ದು ವಿಜಯನಗರದ ಅರಸರ ಕಾಲದಲ್ಲಿ. 2017ರಲ್ಲಿ ಚಿಲಿಯ ದೂರದರ್ಶಕಗಳಿಂದ ಅದರ ಮೇಲ್ಮೈಯ ಚಿತ್ರವನ್ನೇ ರಚಿಸಿದರು, ಅದರ ವಾತಾವರಣದಲ್ಲಿ ಅನಿಲ ಏಳುವುದನ್ನೂ ಇಳಿಯುವುದನ್ನೂ ಅಳೆದರು. ಸೂರ್ಯನ ವಯಸ್ಸು 460 ಕೋಟಿ ವರ್ಷ, ಇದರದ್ದು ಒಂದು ಕೋಟಿಯ ಆಸುಪಾಸು. ಆದರೂ ಮುಪ್ಪಾಗಿದೆ. ಭಾರಿ ನಕ್ಷತ್ರಗಳು ಇಂಧನವನ್ನು ಬೇಗ ಉರಿಸಿ ಮುಗಿಸುವುದೇ ಕಾರಣ. ಮುಂದೊಮ್ಮೆ ಇದು ಸೂಪರ್‌ನೋವಾ ಆಗಿ ಸಿಡಿಯುತ್ತದೆ.

ತಲೆಯ ನಡುವಿನ ನಕ್ಷತ್ರವನ್ನೂ ಗಮನಿಸಲು ವಿದ್ಯಾರ್ಥಿಗಳಿಗೆ ಹೇಳಿ. 2000ದಲ್ಲಿ ಅದು ಏಕಾಏಕಿ ಪ್ರಕಾಶಮಾನವಾಯಿತು. ಅದನ್ನು ಮೊದಲು ಗುರುತಿಸಿದವರು ಅರ್ಜೆಂಟೀನಾದ ಹವ್ಯಾಸಿ ವೀಕ್ಷಕ ಸೆಬಾಸ್ಟಿಯನ್ ಒಟೆರೊ.

ಪ್ರಶ್ನೆ: ಇಲ್ಲಿ ಚೇಳು ತಲೆಕೆಳಗಾಗಿ ಕಾಣುತ್ತದೆ. ಮಾವೊರಿ ಗೆಳೆಯರು ಅದನ್ನು ಗಾಳ ಎನ್ನುತ್ತಾರೆ. ಚೇಳಿನ ಕಥೆ ನಮ್ಮ ಪುರಾಣದಲ್ಲಿ ಇದೆಯೇ?
— ಕನ್ನಡಿಗ, ಆಕ್ಲೆಂಡ್

ಉತ್ತರ: ಚೇಳಿನ ಕಥೆ ಗ್ರೀಕರದು. ಭೂಮಿಯ ಮೇಲಿನ ಪ್ರಾಣಿಗಳನ್ನೆಲ್ಲ ಕೊಲ್ಲಬಲ್ಲೆ ಎಂದು ಬೇಟೆಗಾರ ಒರಾಯನ್ ಜಂಬ ಕೊಚ್ಚಿದಾಗ ಭೂದೇವಿ ಗಾಯಾ ಚೇಳನ್ನು ಕಳಿಸಿದಳು, ಅದು ಕುಟುಕಿ ಅವನು ಸತ್ತ. ಇಬ್ಬರೂ ಆಕಾಶ ಸೇರಿದರು, ಎದುರುಬದುರು ದಿಕ್ಕಿನಲ್ಲಿ. ನಮ್ಮಲ್ಲಿಂದ ನೋಡಿದರೂ ಪೂರ್ವದಲ್ಲಿ ಜ್ಯೇಷ್ಠಾ ಹುಟ್ಟುವ ಹೊತ್ತಿಗೆ ಪಶ್ಚಿಮದಲ್ಲಿ ಒರಾಯನ್ ಮುಳುಗುತ್ತಿರುತ್ತಾನೆ. ಆ ನೋಟವನ್ನೇ ಕಥೆ ನೆನಪಿನಲ್ಲಿ ಉಳಿಸಿದೆ.

ನಮ್ಮ ಐತರೇಯ ಬ್ರಾಹ್ಮಣದಲ್ಲಿ ಒರಾಯನ್ನಿನ ನಕ್ಷತ್ರಗಳು ಬೇಟೆಗಾರನಲ್ಲ, ಬಾಣ ತಗುಲಿದ ಮೃಗ. ಜಿಂಕೆಯ ರೂಪ ತಾಳಿದ ಪ್ರಜಾಪತಿಗೆ ರುದ್ರ ಬಾಣ ಬಿಟ್ಟ ಕಥೆ ಅದು. ಅಲ್ಲಿ ಚೇಳಿಗೆ ಪಾತ್ರವಿಲ್ಲ. ವೈದಿಕರು ಈ ಭಾಗವನ್ನು ಒಂದೇ ಚಿತ್ರವಾಗಿ ನೋಡದೆ ಅನೂರಾಧಾವನ್ನು ಮಿತ್ರನಿಗೆ, ಜ್ಯೇಷ್ಠಾವನ್ನು ಇಂದ್ರನಿಗೆ, ಮೂಲಾವನ್ನು ನಿರೃತಿಗೆ ಒಪ್ಪಿಸಿದರು.

ನಿಮ್ಮ ಗೆಳೆಯರದು ಮಾವೊರಿ ಪುರಾಣದ ಮಾವುಯಿಯ ಗಾಳ. ಆತ ಸಮುದ್ರದಿಂದ ಮೇಲೆಳೆದ ಮೀನೇ ನೀವು ವಾಸಿಸುವ ಉತ್ತರ ದ್ವೀಪ. ಆಕ್ಲೆಂಡಿನಲ್ಲಿ ಕೊಂಡಿಯ ನಕ್ಷತ್ರ ಸರಿಯಾಗಿ ನೆತ್ತಿಯ ಮೇಲೆ ಹಾದುಹೋಗುತ್ತದೆ. ಕಡಲಿನವರಿಗೆ ಗಾಳ ಕಂಡಿತು, ಚೇಳಿರುವ ಒಣನಾಡಿನ ಬ್ಯಾಬಿಲೋನಿನವರಿಗೆ ಚೇಳು ಕಂಡಿತು. ನಿಮ್ಮ ಮಕ್ಕಳಿಗೆ ಎರಡನ್ನೂ ಹೇಳಿಕೊಡಿ.

ಪ್ರಶ್ನೆ: ಮೂಲಾ ಚೇಳಿನ ಬಾಲ ಎನ್ನುತ್ತೀರಿ. ಪಂಚಾಂಗದಲ್ಲಿ ಮೂಲಾ ಧನು ರಾಶಿಗೆ ಸೇರಿದೆ. ಯಾವುದು ಸರಿ?
— ಓದುಗ, ಉಡುಪಿ ಜಿಲ್ಲೆ

ಉತ್ತರ: ಎರಡೂ ಬೇರೆ ಬೇರೆ ಅಳತೆಗಳು. ಆಕಾಶದ ಚೇಳು ಕಣ್ಣಿಗೆ ಕಾಣುವ ಆಕಾರ. ಪಂಚಾಂಗದ ರಾಶಿ ಎಂದರೆ ಸೂರ್ಯಪಥವನ್ನು 30 ಡಿಗ್ರಿಯಂತೆ 12 ಸಮಪಾಲು ಮಾಡಿದ್ದು, ನಕ್ಷತ್ರ ಎಂದರೆ ಅದೇ ಪಥವನ್ನು 13 ಡಿಗ್ರಿ 20 ಕಲೆಯಂತೆ 27 ಪಾಲು ಮಾಡಿದ್ದು. ವಿಶಾಖಾ ನಾಲ್ಕನೇ ಪಾದ, ಅನೂರಾಧಾ, ಜ್ಯೇಷ್ಠಾ ಸೇರಿ ವೃಶ್ಚಿಕ. ಆ ಪಾಲು ಮುಗಿದ ಜಾಗದಲ್ಲೇ ಕೊಂಡಿ ಇರುವುದರಿಂದ ಮೂಲಾ ಧನುವಿನ ಪಾಲಾಯಿತು. ಸಮಪಾಲಿಗೆ ಆಕಾಶದ ಚುಕ್ಕಿಗಳು ಸರಿಹೊಂದುವುದಿಲ್ಲ. ಲಾಹಿರಿ ಅಯನಾಂಶ ಎಂಬ ಪ್ರಚಲಿತ ಪಂಚಾಂಗ ಲೆಕ್ಕದ ಪ್ರಕಾರ ಜ್ಯೇಷ್ಠಾದ ಆ ಕೆಂಪು ನಕ್ಷತ್ರವೇ ಅನೂರಾಧಾದ ಪಾಲಿನಲ್ಲಿ ಬೀಳುತ್ತದೆ! ಅಂತರರಾಷ್ಟ್ರೀಯ ಖಗೋಳ ಒಕ್ಕೂಟ 1930ರಲ್ಲಿ ಎಳೆದ ಗಡಿಯಂತೆ ಸೂರ್ಯ ವೃಶ್ಚಿಕದಲ್ಲಿ ಇರುವುದು ಸುಮಾರು ಒಂದು ವಾರ, ಪಂಚಾಂಗದಂತೆ ಒಂದು ತಿಂಗಳು.

ಇತಿಹಾಸವೂ ಇದಕ್ಕೆ ತಕ್ಕಂತಿದೆ. ವೇದಾಂಗ ಜ್ಯೋತಿಷದಲ್ಲಿ ನಕ್ಷತ್ರಗಳಿವೆ, 12 ರಾಶಿಗಳಿಲ್ಲ. ರಾಶಿಗಳು ಬ್ಯಾಬಿಲೋನಿನಿಂದ ಗ್ರೀಕರ ಮೂಲಕ ಬಂದವು. ಆರನೇ ಶತಮಾನದ ವರಾಹಮಿಹಿರ ಬೃಹಜ್ಜಾತಕದಲ್ಲಿ ಅವುಗಳ ಗ್ರೀಕ್ ಮೂಲದ ಹೆಸರುಗಳನ್ನೂ ಕೊಟ್ಟಿದ್ದಾನೆ.

ಪ್ರಶ್ನೆ: ನನ್ನ ಮಗಳದು ಮೂಲಾ ನಕ್ಷತ್ರ. ಓದಿದ್ದಾಳೆ, ಒಳ್ಳೆಯ ಕೆಲಸದಲ್ಲಿದ್ದಾಳೆ. ‘ಮಾವನಿಗೆ ಆಗಿಬರುವುದಿಲ್ಲ’ ಎಂದು ಬಂದ ಸಂಬಂಧಗಳೆಲ್ಲ ಜಾತಕ ಹಿಂತಿರುಗಿಸುತ್ತಿವೆ. ಮೊನ್ನೆ ಅವಳು ‘ನಾನು ಕೆಟ್ಟ ಗಳಿಗೆಯಲ್ಲಿ ಹುಟ್ಟಿದೆನಾ ಅಮ್ಮಾ’ ಎಂದು ಕೇಳಿದಳು. ಏನು ಹೇಳಲಿ?
— ಒಬ್ಬ ತಾಯಿ, ದಾವಣಗೆರೆ

ಉತ್ತರ: ‘ಇಲ್ಲ ಮಗಳೇ’ ಎಂದು ಹೇಳಿ ತಾಯೀ, ಅಳುಕದೆ ಹೇಳಿ. ಅವಳು ಹುಟ್ಟಿದ ದಿನ ಆದದ್ದು ಇಷ್ಟೇ: 3.84 ಲಕ್ಷ ಕಿಲೋಮೀಟರ್ ದೂರದ ಚಂದ್ರ ಆಕಾಶದ 27 ಪಾಲುಗಳಲ್ಲಿ ಒಂದನ್ನು ದಾಟುತ್ತಿದ್ದ. ಪ್ರತಿ 27 ದಿನಕ್ಕೊಮ್ಮೆ ದಾಟುತ್ತಾನೆ. ಆ ದಿಕ್ಕಿನ ನಕ್ಷತ್ರಗಳು ಚಂದ್ರನಿಂದಲೂ ನೂರಾರು ಜ್ಯೋತಿರ್ವರ್ಷ ಆಚೆ ಇವೆ, ಅವಕ್ಕೆ ಅವಳ ಮಾವ ಯಾರೆಂದು ಗೊತ್ತಿಲ್ಲ. ಸರಾಸರಿ ಲೆಕ್ಕದಲ್ಲಿ 27 ಜನರಲ್ಲಿ ಒಬ್ಬರದು ಮೂಲಾ. 2011ರ ಜನಗಣತಿಯಂತೆ ಕರ್ನಾಟಕದ ಜನಸಂಖ್ಯೆ 6.11 ಕೋಟಿ. ಅಂದರೆ ಸುಮಾರು 22 ಲಕ್ಷ ಜನ, ಅವರಲ್ಲಿ ಅರ್ಧದಷ್ಟು ಹೆಂಗಸರು. ಇಷ್ಟು ಸೊಸೆಯಂದಿರ ಮಾವಂದಿರಿಗೆಲ್ಲ ಕೇಡಾಗಿದ್ದರೆ ಯಾವ ಊರಿಗೂ ತಿಳಿಯದೆ ಇರುತ್ತಿತ್ತೇ?

ಜ್ಯೇಷ್ಠಾ ಭಾವನಿಗೆ, ವಿಶಾಖಾ ಮೈದುನನಿಗೆ, ಆಶ್ಲೇಷಾ ಅತ್ತೆಗೆ ಎಂದೂ ಹೇಳುತ್ತಾರೆ. ಅದೇ ನಕ್ಷತ್ರದ ವರನನ್ನು ಹೀಗೆ ತಿರಸ್ಕರಿಸುವುದು ವಿರಳ. ಭಾರವೆಲ್ಲ ಹೆಣ್ಣಿನ ತಲೆಗೆ.

ಶಾಸ್ತ್ರ ಬೇಕೆನ್ನುವವರಿಗೆ ಇದನ್ನೂ ಹೇಳಿ. ಕೊಂಡಿಯ ಆ ಜೋಡಿ ನಕ್ಷತ್ರಗಳನ್ನು ತೈತ್ತಿರೀಯ ಸಂಹಿತೆ ಮೂಲಾದ ಜಾಗದಲ್ಲಿ ‘ವಿಚೃತೌ’ ಎಂದು ಎಣಿಸುತ್ತದೆ. ಅಥರ್ವವೇದದ ಎರಡನೇ ಕಾಂಡದಲ್ಲಿ ಅವು ಮಂಗಳಕರ ತಾರೆಗಳು, ವಂಶಪಾರಂಪರ್ಯ ರೋಗದ ಕಟ್ಟು ಬಿಡಿಸಲೆಂದು ಅವುಗಳನ್ನು ಪ್ರಾರ್ಥಿಸಿದ್ದಾರೆ. ಆರನೇ ಕಾಂಡದಲ್ಲಿ ಭಯವೂ ಇದೆ, ನಿಜ. ಆದರೆ ಆ ಗಳಿಗೆಯಲ್ಲಿ ಹುಟ್ಟಿದ ಮಗುವನ್ನು ಅಲ್ಲಿ ಯಾರೂ ದೂರ ಮಾಡಿಲ್ಲ, ನೂರು ವರ್ಷ ಬಾಳಲಿ ಎಂದು ಬೇಡಿದ್ದಾರೆ.

ಜಾತಕ ಹಿಂತಿರುಗಿಸುವ ಹಿರಿಯರಲ್ಲಿ ನನ್ನ ವಿನಂತಿ: ಹುಡುಗಿಯ ಗುಣ ಕೇಳಿ, ಆರೋಗ್ಯ ಕೇಳಿ, ಅವಳ ಮನಸ್ಸು ಕೇಳಿ. ಅವಳ ನಕ್ಷತ್ರವನ್ನು ಅಪರಾಧ ಮಾಡಬೇಡಿ. ತಾಯೀ, ಆ ಮಾತು ಆಡುವ ಮನೆ ಹೇಗಿದ್ದರೂ ನಿಮ್ಮ ಮಗಳಿಗೆ ತಕ್ಕದ್ದಲ್ಲ. ತಕ್ಕ ಮನೆ ಸಿಗುವವರೆಗೆ ಅವಳು ತಲೆ ಎತ್ತಿ ಇರಲಿ.