ಮಬ್ಬು ಫೋಟೋ, ತಿಳಿ ಅಕ್ಷರ

ಅಕ್ಕಂದಿರೇ, ಪಹಣಿಯ ಫೋಟೋ ಮೊಬೈಲಿನಲ್ಲಿ ತೆಗೀತೀವಿ. ಕೆಲವು ಸಲ ಮಬ್ಬಾಗಿ ಬರುತ್ತೆ. ಹೆಸರು, ಸರ್ವೆ ನಂಬರು ಕಾಣಲ್ಲ. ಏನು ಮಾಡೋಣ?

ಫೋಟೋ ತೆರೆದು 'ಎಡಿಟ್' ಒತ್ತೋಣ. ಅಲ್ಲಿ ಎರಡು ಹೆಸರು ಹುಡುಕೋಣ.

ಒಂದು, ಬ್ರೈಟ್‌ನೆಸ್. ಇದನ್ನು ಏರಿಸಿದರೆ ಇಡೀ ಫೋಟೋ ಬೆಳಗುತ್ತೆ. ದೀಪದ ಬತ್ತಿ ಏರಿಸಿದ ಹಾಗೆ.

ಇನ್ನೊಂದು, ಕಾಂಟ್ರಾಸ್ಟ್. ಇದನ್ನು ಏರಿಸಿದರೆ ಕಪ್ಪು ಇನ್ನೂ ಕಪ್ಪು, ಬಿಳಿ ಇನ್ನೂ ಬಿಳಿ. ಅಕ್ಷರ ಎದ್ದು ಕಾಣುತ್ತೆ.

ಸ್ವಲ್ಪ ಸ್ವಲ್ಪವೇ ಏರಿಸೋಣ. ಅತಿಯಾದರೆ ತೆಳು ಅಕ್ಷರ ಬಿಳುಪಿನಲ್ಲಿ ಮಾಯವಾಗುತ್ತೆ. ಕೈ ಅಲುಗಿ ಕಲಸಿದ ಫೋಟೋ ಇದರಿಂದ ಸರಿಯಾಗದು. ಮತ್ತೆ ತೆಗೆಯಬೇಕು.

ಮೂಲ ಫೋಟೋ ಹಾಗೇ ಇರಲಿ. ತಿದ್ದಿದ ಪ್ರತಿಯನ್ನು ಬೇರೆ ಉಳಿಸೋಣ.

ಕಳಿಸುವ ಮುಂಚೆ ನಮ್ಮ ಹೆಸರನ್ನು ನಾವೇ ಓದೋಣ. ನಮಗೆ ಓದಲು ಬಂದರೆ ಕಚೇರಿಯವರಿಗೂ ಬರುತ್ತೆ.