ನಕ್ಷತ್ರದ ಅಕ್ಷವೂ ಗ್ರಹದ ಕಕ್ಷೆಯೂ

ಸೂರ್ಯನು ತನ್ನ ಅಕ್ಷದ ಸುತ್ತ ಯಾವ ದಿಕ್ಕಿಗೆ ತಿರುಗುತ್ತಾನೆಯೋ, ಎಂಟು ಗ್ರಹಗಳೂ ಅದೇ ದಿಕ್ಕಿನಲ್ಲಿ ಅವನನ್ನು ಸುತ್ತುತ್ತವೆ. ಅವನ ಸಮಭಾಜಕಕ್ಕೂ ಭೂಮಿಯ ಕಕ್ಷೆಗೂ ಇರುವ ಓರೆ ಸುಮಾರು 7 ಡಿಗ್ರಿ ಮಾತ್ರ. ಇದು ಆಕಸ್ಮಿಕವಾಗಿರಲಾರದೆಂದು ಬಗೆದ ಫ್ರಾನ್ಸಿನ ಲಾಪ್ಲಾಸನು, ತಿರುಗುವ ಒಂದೇ ಅನಿಲರಾಶಿಯಿಂದ ಸೂರ್ಯನೂ ಗ್ರಹಗಳೂ ಹುಟ್ಟಿದುವೆಂದು 1796ರಲ್ಲಿ ಊಹಿಸಿದನು. ಒಂದೇ ತಿಗರಿಯ ಮೇಲಿನ ಮಣ್ಣೆಲ್ಲ ಒಂದೇ ಕಡೆಗೆ ತಿರುಗಬೇಕಷ್ಟೆ! ವಿವರಗಳು ಎಷ್ಟೋ ಬದಲಾದರೂ ಆ ಊಹೆಯ ತಿರುಳು ಇಂದಿಗೂ ಉಳಿದಿದೆ. ಆದರೆ ಒಂದೇ ಮಂಡಲವನ್ನು ಕಂಡು ಕಟ್ಟಿದ ನಿಯಮವು ಎಲ್ಲ ಕಡೆಯೂ ಸಲ್ಲುವುದೆ?

1995ರಲ್ಲಿ ಮೇಯರ್ ಮತ್ತು ಕೆಲೋ ಎಂಬ ಸ್ವಿಸ್ ವಿಜ್ಞಾನಿಗಳು ಖಗಾಶ್ವ ಪುಂಜದ 51ನೆಯ ನಕ್ಷತ್ರದ ಬಳಿ ಒಂದು ಗ್ರಹವನ್ನು ಕಂಡುಹಿಡಿದರು. ಅದರ ದ್ರವ್ಯರಾಶಿ ಗುರುವಿನ ಅರ್ಧದಷ್ಟು. ಅದರ ವರ್ಷವೋ, ನಮ್ಮ ನಾಲ್ಕು ದಿನಗಳಿಗಿಂತ ತುಸು ಹೆಚ್ಚು. ಇಂತಹ ಅನಿಲದೈತ್ಯವು ನಕ್ಷತ್ರದ ಒಲೆಯ ಬಾಯಲ್ಲೇ ಹುಟ್ಟುವುದು ಕಷ್ಟ. ದೂರದಲ್ಲಿ ಹುಟ್ಟಿ ಒಳಕ್ಕೆ ಬಂದಿರಬೇಕೆಂಬುದು ಬಹುಮಂದಿಯ ಮತ. ಅನಿಲದ ತಟ್ಟೆಯೊಳಗೆ ಮೆಲ್ಲಗೆ ಜಾರಿ ಬಂದಿದ್ದರೆ ಕಕ್ಷೆ ನಕ್ಷತ್ರದ ಸಮಭಾಜಕಕ್ಕೆ ಹೊಂದಿಕೊಂಡಿರುತ್ತದೆ. ಬೇರೆ ಗ್ರಹದ ಅಥವಾ ಜೊತೆ ನಕ್ಷತ್ರದ ಸೆಳೆತಕ್ಕೆ ಸಿಕ್ಕಿ ಎಸೆಯಲ್ಪಟ್ಟಿದ್ದರೆ ಓರೆಯಾಗಿರಬಹುದು. ಆದ್ದರಿಂದ ಓರೆಯನ್ನು ಅಳೆಯುವುದೆಂದರೆ ಗ್ರಹದ ಪೂರ್ವಚರಿತ್ರೆಯನ್ನು ವಿಚಾರಿಸಿದಂತೆ.

ದೂರದರ್ಶಕದಲ್ಲಿಯೂ ಬರಿಯ ಚುಕ್ಕೆಯಾಗಿ ಕಾಣುವ ನಕ್ಷತ್ರದ ಅಕ್ಷವನ್ನು ತಿಳಿಯುವುದು ಹೇಗೆ? ನನ್ನ ತರಗತಿಯಲ್ಲಿಯೂ ಪ್ರತಿವರ್ಷ ಈ ಪ್ರಶ್ನೆ ಏಳುತ್ತದೆ. ಉತ್ತರ ಡಾಪ್ಲರ್ ಪರಿಣಾಮದಲ್ಲಿದೆ. ತಿರುಗುವ ನಕ್ಷತ್ರದ ಒಂದು ಅರ್ಧ ನಮ್ಮತ್ತ ಬರುತ್ತಿರುತ್ತದೆ, ಅದರ ಬೆಳಕು ತುಸು ನೀಲಿಯತ್ತ ಸರಿಯುತ್ತದೆ. ಇನ್ನೊಂದು ಅರ್ಧ ಹಿಂದೆ ಸರಿಯುತ್ತಿರುತ್ತದೆ, ಅದರ ಬೆಳಕು ಕೆಂಪಿನತ್ತ. ಎರಡೂ ಬೆರೆತು ರೋಹಿತದ ರೇಖೆಗಳು ಅಗಲವಾಗುತ್ತವೆ. ಈಗ ಗ್ರಹವೊಂದು ನಕ್ಷತ್ರಬಿಂಬವನ್ನು ಅಡ್ಡಹಾಯಲಿ. ಅದು ಮೊದಲು ನಮ್ಮತ್ತ ಬರುವ ಅಂಚನ್ನು ಮರೆಮಾಡಿದರೆ ಉಳಿದ ಬೆಳಕಿನಲ್ಲಿ ಕೆಂಪಿನ ಪಾಲು ಹೆಚ್ಚಿ, ನಕ್ಷತ್ರವೇ ದೂರ ಓಡಿದಂತೆ ತೋರುತ್ತದೆ. ಗ್ರಹ ಆಚೆಯ ಅಂಚಿಗೆ ಬಂದಾಗ ನಕ್ಷತ್ರ ಸಮೀಪಿಸಿದಂತೆ ತೋರುತ್ತದೆ. ಕೆಂಪು ಮೊದಲು, ನೀಲಿ ಆಮೇಲೆ ಎಂದಾದರೆ ಗ್ರಹ ನಕ್ಷತ್ರದೊಡನೆ ಒಂದೇ ದಿಕ್ಕಿಗೆ ಸುತ್ತುತ್ತಿದೆ. ಕ್ರಮ ತಲೆಕೆಳಗಾದರೆ ಎದುರು ದಿಕ್ಕಿಗೆ. ಇಡೀ ಹಾದಿ ಒಂದೇ ಅರ್ಧದ ಮೇಲೆ ಬಿದ್ದರೆ ಒಂದೇ ಬಣ್ಣದ ಸರಿತ ಕಾಣುತ್ತದೆ. ಆಗ ಕಕ್ಷೆ ಬಹಳ ಓರೆಯೆಂದು ತಿಳಿಯಬೇಕು.

ಉಪಾಯವೇನೂ ಹೊಸದಲ್ಲ. 1924ರಲ್ಲಿಯೇ ಮಿಚಿಗನ್ ವಿಶ್ವವಿದ್ಯಾಲಯದ ರೊಸಿಟರ್ ಮತ್ತು ಮೆಕ್‌ಲಾಫ್ಲಿನ್, ಒಂದನ್ನೊಂದು ಮರೆಮಾಡುವ ಜೋಡಿ ನಕ್ಷತ್ರಗಳಲ್ಲಿ ಇದನ್ನು ತೋರಿಸಿದ್ದರು. ಪರಿಣಾಮಕ್ಕೆ ಅವರ ಹೆಸರೇ ನಿಂತಿದೆ. ಗ್ರಹದಲ್ಲಿ ಇದನ್ನು ಮೊದಲು ಅಳೆದದ್ದು 2000ದಲ್ಲಿ, ಖಗಾಶ್ವ ಪುಂಜದಲ್ಲೇ ಇರುವ ಎಚ್‌ಡಿ 209458 ಎಂಬ ನಕ್ಷತ್ರದಲ್ಲಿ. ಅಲ್ಲಿಯ ಗ್ರಹ ಸುಮಾರು ಮೂರು ಗಂಟೆಗಳ ಕಾಲ ನೂರಕ್ಕೆ ಒಂದೂವರೆ ಪಾಲು ಬೆಳಕನ್ನು ತಡೆಯುತ್ತದೆ. ಆಗ ನಕ್ಷತ್ರದ ವೇಗದಲ್ಲಿ ತೋರುವ ಏರಿಳಿತ ಸೆಕೆಂಡಿಗೆ 40 ಮೀಟರಿನ ಆಸುಪಾಸು, ಎಂದರೆ ವೇಗದ ರೈಲಿನ ಓಟದಷ್ಟು. ಬೆಳಕಿನ ವೇಗದ ಎಪ್ಪತ್ತೈದು ಲಕ್ಷದಲ್ಲಿ ಒಂದು ಭಾಗ! ಗ್ರಹವು ನಕ್ಷತ್ರದ ದಿಕ್ಕಿಗೇ ಸುತ್ತುತ್ತಿದ್ದಿತು. ಹೀಗೆ ದೊರೆಯುವುದು ಆಕಾಶದ ಪರದೆಯ ಮೇಲೆ ಮೂಡಿದ ಕೋನ. ನಿಜವಾದ ಓರೆಗೆ ನಕ್ಷತ್ರದ ಅಕ್ಷ ನಮ್ಮತ್ತ ಎಷ್ಟು ಬಾಗಿದೆಯೆಂದೂ ತಿಳಿದಿರಬೇಕು.

ಕೆಲವು ವರ್ಷ ಎಲ್ಲವೂ ಲಾಪ್ಲಾಸನ ಪರವಾಗಿತ್ತು. 2008ರಲ್ಲಿ ಎಕ್ಸ್‌ಓ-3ರ ಗ್ರಹ ಓರೆಯಾಗಿ ಕಂಡಿತು. 2009ರಲ್ಲಿ ವೃಶ್ಚಿಕ ರಾಶಿಯ ವಾಸ್ಪ್-17ರ ಗ್ರಹ ಎದುರು ದಿಕ್ಕಿಗೇ ಸುತ್ತುತ್ತಿರುವಂತೆ ತೋರಿತು. ಅದರ ಓರೆ 150 ಡಿಗ್ರಿಯ ಹತ್ತಿರವೆಂದು ಮುಂದಿನ ವರ್ಷ ಖಚಿತವಾಯಿತು. ಅದೇ 2010ರಲ್ಲಿ ವಿನ್ ಮತ್ತು ಸಂಗಡಿಗರು ಒಂದು ವಿಶೇಷವನ್ನು ಗುರುತಿಸಿದರು: ಓರೆ ಕಕ್ಷೆಗಳು ಹೆಚ್ಚಾಗಿ 6,250 ಕೆಲ್ವಿನ್‌ಗಿಂತ ಬಿಸಿಯಾದ ನಕ್ಷತ್ರಗಳಲ್ಲಿವೆ. ಸೂರ್ಯನಂತಹ ತಂಪಾದ ನಕ್ಷತ್ರಗಳ ಹೊರಪದರ ಕುದಿಯುವ ಅನ್ನದಂತೆ ಮೇಲೆಕೆಳಗೆ ಹೊರಳುತ್ತಿರುತ್ತದೆ. ಗ್ರಹದ ಸೆಳೆತ ಅಲ್ಲಿ ಎಬ್ಬಿಸುವ ಉಬ್ಬರವಿಳಿತಗಳು ಕಾಲಕ್ರಮದಲ್ಲಿ ಓರೆಯನ್ನು ತಿದ್ದಿಬಿಡಬಹುದೆಂದು ಅವರ ವಿವರಣೆ.

ಇದು ನಿಜವಾದರೆ ಒಂದು ತೊಡಕು ಉಂಟು. ನೇರವಾಗಿರುವ ಕಕ್ಷೆ ಹುಟ್ಟಿನಿಂದಲೇ ನೇರವೋ, ಆಮೇಲೆ ತಿದ್ದಿದ್ದೋ ಹೇಳಲಾಗದು. ಆದ್ದರಿಂದಲೇ ಉಬ್ಬರದ ಕೈಗೆ ಸಿಗದಷ್ಟು ದೂರದಲ್ಲಿರುವ ಅನಿಲದೈತ್ಯಗಳನ್ನು ಈಗ ಅಳೆಯುತ್ತಿದ್ದಾರೆ. ಅವು ಅಡ್ಡಹಾಯುವುದು ಅಪರೂಪ, ರಾತ್ರಿಗಳಿಗಾಗಿ ಕಾಯಬೇಕು. ಒಂಟಿ ನಕ್ಷತ್ರಗಳ ಸುತ್ತ ಅಂಥವು ಬಹುಮಟ್ಟಿಗೆ ನೇರವಾಗಿಯೇ ಇವೆಯೆಂದು 2022ರಲ್ಲಿ ಪ್ರಕಟವಾದ ಅಧ್ಯಯನವೊಂದು ತಿಳಿಸಿತು.