ಮಲಗುವ ಮುನ್ನ ಒಂದು ಬೀಡಿ

ರಾತ್ರಿ ಊಟವಾಯಿತು, ದನಗಳಿಗೆ ಮೇವು ಹಾಕಿಯಾಯಿತು. ಹಾಸಿಗೆಯ ಮೇಲೆ ಕಾಲು ಚಾಚಿ ಒಂದು ಬೀಡಿ ಹಚ್ಚುವಿರಿ. ದುಡಿದು ದಣಿದ ದೇಹ. ಎರಡು ದಮ್ಮು ಎಳೆಯುವಷ್ಟರಲ್ಲಿ ಕಣ್ಣು ಮುಚ್ಚುತ್ತದೆ, ಬೀಡಿ ಕೈಯಿಂದ ಜಾರುತ್ತದೆ.

ಎಳೆಯದಿದ್ದರೆ ಬೀಡಿ ತಾನಾಗಿಯೇ ಆರುತ್ತದೆಂದು ನೀವು ಹೇಳಬಹುದು. ಹಲವು ಬಾರಿ ಆರುವುದೂ ನಿಜ. ಆದರೆ ಆರುವ ಮೊದಲು ಅದರ ಕೆಂಡ ಹತ್ತಿಗೆ ತಗಲಿದರೆ ಸಾಕು. ಸಿಗರೇಟಂತೂ ಯಾರೂ ಎಳೆಯದೆಯೇ ಉರಿಯುತ್ತಾ ಹೋಗುತ್ತದೆ. ಹಾಸಿಗೆಯ ಹತ್ತಿ ಕೂಡಲೇ ಭುಗಿಲ್ ಎನ್ನುವುದಿಲ್ಲ. ಒಳಗೊಳಗೇ ಗಂಟೆಗಟ್ಟಲೆ ಹೊಗೆಯಾಡಿ, ಆಮೇಲೆ ಹೊತ್ತಿಕೊಳ್ಳುತ್ತದೆ. ಆ ಹೊಗೆಯಲ್ಲಿ ಕಾರ್ಬನ್ ಮಾನಾಕ್ಸೈಡ್ ಎಂಬ ವಿಷಾನಿಲವಿರುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಮಲಗಿದವನನ್ನು ಅದು ಎಬ್ಬಿಸುವುದಿಲ್ಲ, ಎಚ್ಚರ ತಪ್ಪಿಸುತ್ತದೆ. ಉರಿ ತಲುಪುವ ಮೊದಲೇ ಹೊಗೆಯಿಂದ ಸತ್ತವರು ಅನೇಕರು. ಪಕ್ಕದಲ್ಲಿ ಮಲಗಿದ ಮಗುವೂ ಅದೇ ಗಾಳಿಯನ್ನು ಉಸಿರಾಡುತ್ತದೆಯಲ್ಲವೆ?

ಆದುದರಿಂದ ಬೀಡಿಯನ್ನು ಹಾಸಿಗೆಗೆ ಬರುವ ಮೊದಲೇ ಮುಗಿಸಿ, ಅದೂ ಹೊರಗೆ ಕಟ್ಟೆಯ ಮೇಲೆ ಕುಳಿತು. ಬಿಟ್ಟೇ ಬಿಡುವುದು ಎಲ್ಲಕ್ಕಿಂತ ಒಳ್ಳೆಯದು, ಆದರೆ ಒಂದೇ ದಿನದಲ್ಲಿ ಎಲ್ಲರಿಂದಲೂ ಆಗುವ ಕೆಲಸವಲ್ಲ. ಕುಡಿದು ಮಲಗುವವನ ಬೀಡಿ, ಬೆಂಕಿಪೊಟ್ಟಣವನ್ನು ಮನೆಯವರು ತೆಗೆದಿಡುವುದೇ ಲೇಸು. ಒಡೆದ ಮಡಕೆಯ ತಳಕ್ಕೆ ಮರಳು ತುಂಬಿ ಕಟ್ಟೆಯ ಬಳಿ ಇಟ್ಟು, ತುಂಡನ್ನು ಅದರಲ್ಲಿ ಹೊಸಕಿ. ತಿಪ್ಪೆಗೆ ಎಸೆಯಬೇಡಿ, ಬೇಸಿಗೆಯಲ್ಲಿ ಒಣ ಕಸ ಹೊತ್ತಿಕೊಂಡು, ಗಾಳಿ ಎದ್ದರೆ ಕಿಡಿ ಬಣವೆಗೆ ಹಾರುತ್ತದೆ.

ಹಾವೇರಿ, ರಾಯಚೂರು ಕಡೆಯ ಹತ್ತಿ ಬೆಳೆಗಾರರು ಬಿಡಿಸಿದ ಹತ್ತಿಯನ್ನು ಬೆಲೆ ಬರುವವರೆಗೆ ಮನೆಯೊಳಗೇ ರಾಶಿ ಹಾಕುವುದುಂಟು. ವರ್ಷದ ದುಡಿಮೆಯೆಲ್ಲ ಅಲ್ಲಿರುತ್ತದೆ. ಅಂಥ ಮನೆಯಲ್ಲಿ ಬೀಡಿ ಹೊಸ್ತಿಲು ದಾಟಬಾರದು, ನೆಂಟರದ್ದೂ ಕೂಡ. ನೆಂಟರಿಗೆ ಹೇಳಲು ಸಂಕೋಚವಾಗುತ್ತದೆ, ಆದರೂ ಹೇಳಿ. ಔಷಧಿ ಸಿಂಪಡಿಸುವ ಯಂತ್ರಕ್ಕೆ ತಂದ ಪೆಟ್ರೋಲ್ ಕ್ಯಾನನ್ನು ಮಲಗುವ ಕೋಣೆಯಲ್ಲಿಡಬೇಡಿ. ಪೆಟ್ರೋಲಿನ ಆವಿ ಗಾಳಿಗಿಂತ ಭಾರ. ನೆಲದ ಮೇಲೆ ಹರಿದು ದೂರದ ಕಿಡಿಯನ್ನೂ ಮುಟ್ಟಬಲ್ಲದು.

ಹಾಸಿಗೆ ಹೊಗೆಯಾಡುವುದನ್ನು ಕಂಡು, ಒಂದು ತಂಬಿಗೆ ನೀರು ಸುರಿದು ಮತ್ತೆ ಅದರ ಮೇಲೆಯೇ ಮಲಗುವವರುಂಟು. ಇದು ದೊಡ್ಡ ತಪ್ಪು. ಮೇಲ್ಭಾಗ ನೆನೆದರೂ ಒಳಗಿನ ಕಿಡಿ ಆರಿರುವುದಿಲ್ಲ. ಬಿಂದಿಗೆಗಟ್ಟಲೆ ನೀರು ಸುರಿದು, ಅಂಗಳಕ್ಕೆ ಎಳೆದು, ಬಣವೆಯಿಂದ ದೂರದಲ್ಲಿ ಹಾಸಿಗೆಯನ್ನು ಹರಿದು ಹತ್ತಿಯನ್ನೆಲ್ಲ ನೆನೆಸಬೇಕು. ಉರಿ ಎದ್ದಿದ್ದರೆ ಹಾಸಿಗೆಯನ್ನು ಮುಟ್ಟಬೇಡಿ. ಮಕ್ಕಳು, ಮುದುಕರನ್ನು ಎಬ್ಬಿಸಿ ಹೊರಗೆ ಕರೆತನ್ನಿ. ಹೊಗೆ ತುಂಬಿದ್ದರೆ ನೆಲಕ್ಕೆ ಬಾಗಿ ನಡೆಯಿರಿ. ಹೊರಗೆ ಬಂದು 101 ಅಥವಾ 112ಕ್ಕೆ ಫೋನು ಮಾಡಿ. ಪೆಟ್ಟಿಗೆ, ಕಾಗದಪತ್ರಗಳೆಂದು ಮತ್ತೆ ಒಳಗೆ ಹೋಗಬೇಡಿ.

ಸುಟ್ಟ ಗಾಯಕ್ಕೆ ಶಾಯಿ, ಎಣ್ಣೆ, ಹಲ್ಲುಜ್ಜುವ ಪೇಸ್ಟು ಹಚ್ಚಬಾರದು. ಕೂಡಲೇ 20 ನಿಮಿಷ ತಣ್ಣೀರು ಹರಿಸಿ, ಶುಭ್ರವಾದ ಬಟ್ಟೆ ಮುಚ್ಚಿ, ಆಸ್ಪತ್ರೆಗೆ ಕರೆದೊಯ್ಯಿರಿ.